ಹಳ್ಳಿಗಾಡಿನ ಕೌಂಟಿಯ ಮನೆಗಳ ಮಧ್ಯಾಂಕ ಆದಾಯ: ಐವತ್ತು ವರ್ಷಗಳ ಲೆಕ್ಕ ಕಟ್ಟುವ ಬಗೆ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯಲ್ಲಿ ಮ್ಯಾಕ್‌ಡವೆಲ್ ಎಂಬ ಕಲ್ಲಿದ್ದಲ ಕೌಂಟಿ ಇದೆ. 1950ರಲ್ಲಿ ಅಲ್ಲಿ 98,887 ಜನರಿದ್ದರು. 2020ರ ಹೊತ್ತಿಗೆ ಉಳಿದವರು 19,111. 2000ದ ಜನಗಣತಿಯ ಪ್ರಕಾರ ಅಲ್ಲಿನ ಮನೆಗಳ ಮಧ್ಯಾಂಕ ಆದಾಯ ವರ್ಷಕ್ಕೆ 16,931 ಡಾಲರ್. ಅಲ್ಲಿಂದೀಚೆಗೆ ಆ ಮನೆಗಳ ಸ್ಥಿತಿ ಸುಧಾರಿಸಿತೇ, ಹದಗೆಟ್ಟಿತೇ? ಉತ್ತರ ಹುಡುಕಲು ಹೊರಟವರಿಗೆ ಒಂದೊಂದು ಸರ್ಕಾರಿ ಮೂಲವೂ ಒಂದೊಂದು ಅಂಕಿ ಕೊಡುತ್ತದೆ. ಸಿಕ್ಕ ಅಂಕಿಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ಗೆರೆ ಎಳೆದುಬಿಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು. ಈ ಮಾರ್ಗದರ್ಶಿಯ ಬಹುಭಾಗ ಆ ತಪ್ಪನ್ನು ತಪ್ಪಿಸುವುದಕ್ಕೇ ಮೀಸಲು.

ಕೌಂಟಿ ಎಂದರೆ ಆಡಳಿತದಲ್ಲಿ ನಮ್ಮ ಜಿಲ್ಲೆಯಂತೆ. ಗಾತ್ರದಲ್ಲಿ ಮಾತ್ರ ಹೋಲಿಕೆ ನಿಲ್ಲುವುದಿಲ್ಲ. ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಗಣತಿ ಕಂಡದ್ದು 64 ಜನರನ್ನು. ನಮ್ಮಲ್ಲಿ ಒಂದು ಬೀದಿಯಲ್ಲಿ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ. ಜನ ಕಡಿಮೆಯಾದಷ್ಟೂ ಮಾದರಿ ಸಮೀಕ್ಷೆಯ ಅಂಕಿ ಹೆಚ್ಚು ಅಲುಗಾಡುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಂತ 1: ಏನನ್ನು ಅಳೆಯುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳಿ

ಎಲ್ಲ ಮನೆಗಳನ್ನೂ ಆದಾಯದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಮನೆಯ ಆದಾಯವೇ ಮಧ್ಯಾಂಕ. ಇಬ್ಬರು ಗಣಿ ಮಾಲೀಕರು ಕೋಟಿಗಟ್ಟಲೆ ಗಳಿಸಿದರೆ ಸರಾಸರಿ ಏರುತ್ತದೆ, ಮಧ್ಯಾಂಕ ಕದಲುವುದಿಲ್ಲ. ಸಣ್ಣ ಊರುಗಳಿಗೆ ಅದೇ ಸರಿಯಾದ ಅಳತೆ.

‘ಮನೆ’ ಎಂದರೆ ಒಂದು ವಸತಿಯಲ್ಲಿ ವಾಸಿಸುವವರೆಲ್ಲರೂ. ರಕ್ತಸಂಬಂಧ ಇರಲೇಬೇಕೆಂದಿಲ್ಲ, ಒಂಟಿಯಾಗಿ ಬದುಕುವ ವೃದ್ಧೆಯದೂ ಒಂದು ಮನೆ. ‘ಕುಟುಂಬ’ ಎಂಬುದು ಬೇರೆ ಎಣಿಕೆ. ಅದರಲ್ಲಿ ಸಂಬಂಧಿಕರಾದ ಇಬ್ಬರಾದರೂ ಇರಬೇಕು. ಒಂಟಿ ಮನೆಗಳು ಬಿಟ್ಟುಹೋಗುವುದರಿಂದ ಕುಟುಂಬದ ಮಧ್ಯಾಂಕ ಸಾಮಾನ್ಯವಾಗಿ ಮನೆಯ ಮಧ್ಯಾಂಕಕ್ಕಿಂತ ಮೇಲಿರುತ್ತದೆ. 1959ರ ಆದಾಯಕ್ಕೆ ಕೌಂಟಿ ಮಟ್ಟದಲ್ಲಿ ಕೈಗೆ ಸಿಗುವುದು ಕುಟುಂಬದ ಅಂಕಿ. ಅದನ್ನು ತಂದು 1969ರ ಮನೆಯ ಅಂಕಿಯ ಪಕ್ಕದಲ್ಲಿಟ್ಟರೆ ಆಗದೇ ಇದ್ದ ಕುಸಿತವೊಂದು ಕಾಣಿಸಿಕೊಳ್ಳುತ್ತದೆ.

ಆದಾಯ ಎಂದರೆ ಇಲ್ಲಿ ತೆರಿಗೆಗೆ ಮುಂಚಿನ ನಗದು ಆದಾಯ. ಸಮೀಕ್ಷೆ 15 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಎಂಟು ಬಗೆಯ ಆದಾಯ ಕೇಳುತ್ತದೆ: ಕೂಲಿ-ಸಂಬಳ, ಸ್ವಂತ ಉದ್ಯೋಗ ಅಥವಾ ಬೇಸಾಯದ ನಿವ್ವಳ ಗಳಿಕೆ, ಬಡ್ಡಿ-ಬಾಡಿಗೆ-ರಾಯಲ್ಟಿ, ಸೋಷಿಯಲ್ ಸೆಕ್ಯೂರಿಟಿ ಎಂಬ ಸರ್ಕಾರಿ ಪಿಂಚಣಿ, ಬಡ ವೃದ್ಧರು ಮತ್ತು ಅಂಗವಿಕಲರಿಗೆ ಬರುವ ಎಸ್‌ಎಸ್‌ಐ, ನಗದು ಸಹಾಯಧನ, ನಿವೃತ್ತಿ ವೇತನ, ಉಳಿದ ನಿಯತ ಆದಾಯಗಳು. ಆಹಾರ ಸಹಾಯವಾದ ಸ್ನ್ಯಾಪ್, ವೈದ್ಯಕೀಯ ನೆರವಾದ ಮೆಡಿಕೇಡ್, ತೆರಿಗೆ ಮರುಪಾವತಿ, ಜಮೀನು ಮಾರಿದ ಲಾಭ ಇವು ಸೇರುವುದಿಲ್ಲ. ಬಡ ಕೌಂಟಿಗಳಲ್ಲಿ ಈ ಬಿಟ್ಟುಹೋದ ಭಾಗವೇ ದೊಡ್ಡದು. ಹಾಗಾಗಿ ಈ ಅಂಕಿಯನ್ನು ‘ಜೀವನಮಟ್ಟ’ ಎಂದು ಕರೆಯಬೇಡಿ.

ಜೈಲು, ವೃದ್ಧಾಶ್ರಮ, ಹಾಸ್ಟೆಲುಗಳಲ್ಲಿ ಇರುವವರು ‘ಮನೆ’ಯ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾಕ್‌ಡವೆಲ್‌ನಲ್ಲಿ 2010ರ ಆಸುಪಾಸಿನಲ್ಲಿ ಫೆಡರಲ್ ಜೈಲೊಂದು ಶುರುವಾಯಿತು. ಅಲ್ಲಿನ ಕೈದಿಗಳು ಜನಸಂಖ್ಯೆಯಲ್ಲಿ ಇದ್ದಾರೆ, ಮಧ್ಯಾಂಕದಲ್ಲಿ ಇಲ್ಲ. ತಲಾ ಆದಾಯ ನೋಡುವಾಗ ಈ ಮಾತು ಮತ್ತೆ ಬರುತ್ತದೆ.

ಹಂತ 2: ಮೂಲಗಳನ್ನು ಬೇರೆಬೇರೆ ಹಾಳೆಗಳಲ್ಲಿ ಇಳಿಸಿಕೊಳ್ಳಿ

*ಹತ್ತು ವರ್ಷಕ್ಕೊಮ್ಮೆಯ ಜನಗಣತಿ.* 1970ರಿಂದ 2000ದವರೆಗಿನ ನಾಲ್ಕು ಗಣತಿಗಳ ದೀರ್ಘ ಪ್ರಶ್ನಾವಳಿಯಿಂದ ನಾಲ್ಕು ಬಿಂದುಗಳು ಸಿಗುತ್ತವೆ. ಗಣತಿ ಏಪ್ರಿಲ್ 1ರಂದು ನಡೆಯುತ್ತದೆ, ಕೇಳುವುದು ಹಿಂದಿನ ಕ್ಯಾಲೆಂಡರ್ ವರ್ಷದ ಆದಾಯವನ್ನು. ಆದ್ದರಿಂದ ಬಿಂದುಗಳು ಬೀಳಬೇಕಾದದ್ದು 1969, 1979, 1989, 1999ರ ಮೇಲೆ. ಗಣತಿಯ ವರ್ಷವನ್ನೇ ಆದಾಯದ ವರ್ಷವೆಂದು ಹಾಕಿದರೆ ಹಣದುಬ್ಬರದ ಲೆಕ್ಕವೂ ಒಂದು ವರ್ಷ ತಪ್ಪುತ್ತದೆ. 1979-80ರಂಥ ಕಾಲದಲ್ಲಿ ಆ ಒಂದು ವರ್ಷಕ್ಕೇ ಬೆಲೆಗಳು ಶೇ. 13ಕ್ಕಿಂತ ಹೆಚ್ಚು ಏರಿದ್ದವು. 2000ದಲ್ಲಿ ದೇಶದಲ್ಲಿ ಸುಮಾರು ಆರು ಮನೆಗೆ ಒಂದರಂತೆ ದೀರ್ಘ ಪ್ರಶ್ನಾವಳಿ ಹೋಗಿತ್ತು, ಸಣ್ಣ ಊರುಗಳಲ್ಲಿ ಅದಕ್ಕಿಂತ ದಟ್ಟವಾಗಿ. ಹಳ್ಳಿಗಾಡಿನ ಕೌಂಟಿಗಳಿಗೆ ಇವತ್ತಿನ ಸಮೀಕ್ಷೆಗಿಂತ ಆ ಅಂಕಿಗಳೇ ಗಟ್ಟಿ. 2010ರಿಂದ ದೀರ್ಘ ಪ್ರಶ್ನಾವಳಿ ನಿಂತುಹೋಯಿತು. ಹಳೆಯ ಕೋಷ್ಟಕಗಳನ್ನು ಮಿನೆಸೋಟ ವಿಶ್ವವಿದ್ಯಾಲಯದ ಎನ್‌ಎಚ್‌ಜಿಐಎಸ್ ತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ಪಡೆಯಬಹುದು.

*ಎಸಿಎಸ್.* ಅಮೆರಿಕನ್ ಕಮ್ಯುನಿಟಿ ಸರ್ವೆ 2005ರಿಂದ ಪೂರ್ಣ ಪ್ರಮಾಣದಲ್ಲಿ ವರ್ಷವಿಡೀ ನಡೆಯುತ್ತಿದೆ. ಒಂದು ವರ್ಷದ ಅಂಕಿ 65,000ಕ್ಕಿಂತ ಹೆಚ್ಚು ಜನರಿರುವ ಕಡೆಗಷ್ಟೇ ಸಿಗುತ್ತದೆ. ಸಣ್ಣ ಕೌಂಟಿಗಳ ಪಾಲಿಗೆ ಉಳಿಯುವುದು ಐದು ವರ್ಷಗಳ ಒಟ್ಟು ಅಂಕಿ. ಮೊದಲನೆಯದು 2005–2009ರದು, 2010ರ ಡಿಸೆಂಬರಿನಲ್ಲಿ ಹೊರಬಂತು. ಮಧ್ಯಾಂಕದ ಕೋಷ್ಟಕ ಬಿ19013. ಅದರ ಜೊತೆಯಲ್ಲೇ ಬಿ19001 (ಹದಿನಾರು ಆದಾಯ ವರ್ಗಗಳಲ್ಲಿ ಮನೆಗಳ ಹಂಚಿಕೆ), ಬಿ19037 (ಮನೆಯ ಯಜಮಾನ ಅಥವಾ ಯಜಮಾನಿಯ ವಯಸ್ಸಿನ ಪ್ರಕಾರ ಅದೇ ಹಂಚಿಕೆ), ಬಿ25010 (ಮನೆಯ ಸರಾಸರಿ ಗಾತ್ರ), ಬಿ98001 (ಎಷ್ಟು ಮನೆಗಳನ್ನು ನಿಜವಾಗಿ ಸಂದರ್ಶಿಸಿದರು) ಇವನ್ನೂ ಇಳಿಸಿಕೊಳ್ಳಿ. ಕೊನೆಯದನ್ನು ಹೆಚ್ಚಿನವರು ತೆರೆದೇ ನೋಡುವುದಿಲ್ಲ. ಐದು ವರ್ಷಕ್ಕೆ ಕೆಲವೇ ನೂರು ಸಂದರ್ಶನಗಳು ಎಂದು ಕಣ್ಣಾರೆ ಕಂಡ ಮೇಲೆ ಅಂಕಿಯ ಮೇಲಿನ ಅತಿನಂಬಿಕೆ ತಾನಾಗಿಯೇ ಇಳಿಯುತ್ತದೆ.

*ಸೈಪ್.* ಸ್ಮಾಲ್ ಏರಿಯಾ ಇನ್‌ಕಮ್ ಅಂಡ್ ಪಾವರ್ಟಿ ಎಸ್ಟಿಮೇಟ್ಸ್ ಎಂಬ ಜನಗಣತಿ ಬ್ಯೂರೋದ ಈ ಕಾರ್ಯಕ್ರಮ ಪ್ರತಿ ಕೌಂಟಿಗೂ ವರ್ಷಕ್ಕೊಂದು ಮಧ್ಯಾಂಕ ಕೊಡುತ್ತದೆ: 1989, 1993, 1995, ನಂತರ 1997ರಿಂದ ಪ್ರತಿವರ್ಷ. ಇದು ನೇರ ಸಮೀಕ್ಷೆಯಲ್ಲ, ಗಣಿತ ಸೂತ್ರದ ಅಂದಾಜು. ತೆರಿಗೆ ರಿಟರ್ನ್‌ಗಳಂಥ ಆಡಳಿತ ದಾಖಲೆಗಳಿಂದ ಕಟ್ಟಿದ ಅಂದಾಜನ್ನು ಸಮೀಕ್ಷೆಯ ಅಂಕಿಯೊಂದಿಗೆ ತೂಗಿ ಬೆರೆಸುತ್ತಾರೆ. ಸಮೀಕ್ಷೆ ದುರ್ಬಲವಾದ ಕಡೆ ಸೂತ್ರದ ತೂಕ ಹೆಚ್ಚು. 2005ಕ್ಕೆ ಮುಂಚೆ ಸಮೀಕ್ಷೆಯ ಭಾಗ ಕರೆಂಟ್ ಪಾಪ್ಯುಲೇಷನ್ ಸರ್ವೆ ಎಂಬ ಮಾದರಿ ಸಮೀಕ್ಷೆಯಾದ ಸಿಪಿಎಸ್‌ನಿಂದ ಬರುತ್ತಿತ್ತು, 2005ರಿಂದ ಎಸಿಎಸ್‌ನಿಂದ. ಆದ್ದರಿಂದ 2004 ಮತ್ತು 2005ರ ನಡುವೆ ಗೆರೆಯನ್ನು ಕಡಿಯಲೇಬೇಕು. ಅಲ್ಲಿ ಕಾಣುವ ಜಿಗಿತದಲ್ಲಿ ಎಷ್ಟು ಪಾಲು ಆದಾಯದ್ದು, ಎಷ್ಟು ಪಾಲು ವಿಧಾನದ್ದು ಎಂದು ಬಿಡಿಸಲು ಆಗುವುದಿಲ್ಲ.

ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಫ್ರೆಡ್ ತಾಣದಲ್ಲಿ ಕೌಂಟಿಯ ಹೆಸರು ಹೊಡೆದ ಕೂಡಲೇ ಬರುವ ನಕ್ಷೆ ಈ ಸೈಪ್ ಅಂಕಿಯೇ. ಇಳಿಸಿಕೊಳ್ಳಲು ಸುಲಭ. ಎರಡು ಎಚ್ಚರಗಳು ಬೇಕು. ಆ ಡಾಲರುಗಳು ಆಯಾ ವರ್ಷದವು, ಹಣದುಬ್ಬರ ತೆಗೆದವಲ್ಲ. ಮತ್ತೆ 2004-05ರ ಒಡಕಿನ ಮೇಲೂ ಗೆರೆ ಎಡೆಬಿಡದೆ ಹಾದುಹೋಗುತ್ತದೆ.

*ಬಿಇಎ.* ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ 1969ರಿಂದ ಪ್ರತಿವರ್ಷ ಕೌಂಟಿಯ ತಲಾ ವೈಯಕ್ತಿಕ ಆದಾಯ ಕೊಡುತ್ತದೆ. ಇದು ಸರಾಸರಿ, ಮಧ್ಯಾಂಕವಲ್ಲ. ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ಮೆಡಿಕೇಡ್ ಖರ್ಚೂ ಇದರೊಳಗೆ ಆದಾಯವಾಗಿ ಸೇರಿದೆ, ಭಾಗಿಸುವಾಗ ಕೈದಿಗಳೂ ಜನಸಂಖ್ಯೆಯಲ್ಲಿ ಸೇರಿದ್ದಾರೆ. ಮಧ್ಯಾಂಕದ ಬದಲಿಗೆ ಇದನ್ನು ಬಳಸಬೇಡಿ. ಎರಡು ಗಣತಿಗಳ ನಡುವೆ ಏರಿಳಿತ ಯಾವ ವರ್ಷ ಬಂತು ಎಂದು ತಿಳಿಯಲು ಮಾತ್ರ ಇದಕ್ಕೆ ಸಾಟಿ ಇಲ್ಲ.

ಹಂತ 3: ಕೌಂಟಿಯ ಸಂಕೇತ ಮತ್ತು ಗಡಿ ಪರೀಕ್ಷಿಸಿ

ಪ್ರತಿ ಕೌಂಟಿಗೂ ಐದು ಅಂಕೆಯ ಫಿಪ್ಸ್ ಸಂಕೇತ ಇದೆ: ಎರಡು ರಾಜ್ಯಕ್ಕೆ, ಮೂರು ಕೌಂಟಿಗೆ. ಮ್ಯಾಕ್‌ಡವೆಲ್‌ನದು 54047. ಎಕ್ಸೆಲ್‌ನಲ್ಲಿ ಇದನ್ನು ಸಂಖ್ಯೆಯಾಗಿ ತೆರೆದರೆ ಅಲಬಾಮದ 01001 ಎಂಬುದು 1001 ಆಗಿ, ಹಾಳೆಗಳನ್ನು ಜೋಡಿಸುವಾಗ ಆ ಸಾಲು ಸದ್ದಿಲ್ಲದೆ ಮಾಯವಾಗುತ್ತದೆ. ತೆರೆಯುವ ಮುನ್ನವೇ ಆ ಕಂಬಸಾಲನ್ನು ‘ಪಠ್ಯ’ ಎಂದು ಗುರುತಿಸಿ.

ಹೆಸರು, ಸಂಕೇತ, ಗಡಿ ಮೂರೂ ಬದಲಾಗುವುದುಂಟು. ಸೌತ್ ಡಕೋಟದ ಶ್ಯಾನನ್ ಕೌಂಟಿ 2015ರಲ್ಲಿ ಓಗ್ಲಾಲಾ ಲಕೋಟ ಆಯಿತು, ಸಂಕೇತ 46113ರಿಂದ 46102ಕ್ಕೆ ಬದಲಾಯಿತು. ವರ್ಜೀನಿಯಾದ ಬೆಡ್‌ಫರ್ಡ್ ನಗರ 2013ರಲ್ಲಿ ಬೆಡ್‌ಫರ್ಡ್ ಕೌಂಟಿಯೊಳಗೆ ಸೇರಿತು. ಕನೆಕ್ಟಿಕಟ್‌ನಲ್ಲಿ 2022ರ ಎಸಿಎಸ್‌ನಿಂದ ಎಂಟು ಕೌಂಟಿಗಳ ಜಾಗಕ್ಕೆ ಒಂಬತ್ತು ಯೋಜನಾ ವಲಯಗಳು ಬಂದಿವೆ, ಅವುಗಳ ಗಡಿ ಹಳೆಯವುಗಳಿಗೆ ಹೊಂದುವುದಿಲ್ಲ. ಹೆಸರಷ್ಟೇ ಬದಲಾದ ಕಡೆ ಹಳೆಯ ಸಂಕೇತವನ್ನು ಹೊಸದಕ್ಕೆ ತಿದ್ದಿದರೆ ಸಾಕು. ಎರಡು ಒಂದಾದ ಕಡೆ ಹಳೆಯ ವರ್ಷಗಳಿಗೂ ಎರಡನ್ನು ಕೂಡಿಸಿ ಹೊಸ ಮಧ್ಯಾಂಕ ತೆಗೆಯಬೇಕು. ಅದರ ವಿಧಾನ ಹಂತ 6ರಲ್ಲಿದೆ.

‘ಹಳ್ಳಿಗಾಡಿನ ಕೌಂಟಿಗಳು’ ಎಂದು ಗುಂಪನ್ನೇ ತೆಗೆದುಕೊಳ್ಳುವವರು ಕೃಷಿ ಇಲಾಖೆಯ ಗ್ರಾಮೀಣ-ನಗರ ಶ್ರೇಣಿಯ 4ರಿಂದ 9ರವರೆಗಿನ ಸಂಕೇತಗಳನ್ನು ಬಳಸಬಹುದು. ಆದರೆ ಒಂದೇ ವರ್ಷದ ಪಟ್ಟಿಯನ್ನು ಹಿಡಿದು ಅದನ್ನೇ ಎಲ್ಲ ಕಾಲಕ್ಕೂ ಬಳಸಿ. ಚೆನ್ನಾಗಿ ಬೆಳೆದ ಕೌಂಟಿಗಳು ಬಡ್ತಿ ಪಡೆದು ‘ನಗರ’ದ ಪಟ್ಟಿಗೆ ಹೋಗುತ್ತವೆ. ಹತ್ತು ವರ್ಷಕ್ಕೊಮ್ಮೆ ಪಟ್ಟಿ ಬದಲಿಸುತ್ತ ಹೋದರೆ ಹಿಂದುಳಿದವೇ ಉಳಿದು, ಗ್ರಾಮಗಳು ಇರುವುದಕ್ಕಿಂತ ಹೆಚ್ಚು ಸೊರಗಿದಂತೆ ಕಾಣುತ್ತವೆ.

ಹಂತ 4: ಐದು ವರ್ಷದ ಅಂಕಿಯನ್ನು ಸರಿಯಾದ ಜಾಗದಲ್ಲಿ ಇಡಿ

2019–2023ರ ಅಂಕಿ 2023ರ ಆದಾಯವಲ್ಲ. ಎಸಿಎಸ್ ಕೇಳುವುದು ‘ಕಳೆದ 12 ತಿಂಗಳ’ ಆದಾಯ. 2019ರ ಜನವರಿಯಲ್ಲಿ ಉತ್ತರಿಸಿದವರು ಬಹುಪಾಲು 2018ರ ಆದಾಯವನ್ನೇ ಹೇಳಿರುತ್ತಾರೆ. ಹೀಗಾಗಿ ಆ ಅಂಕಿಯೊಳಗೆ 2018ರ ಆರಂಭದಿಂದ 2023ರ ಕೊನೆಯವರೆಗಿನ ಆರು ವರ್ಷಗಳ ಚೂರುಗಳಿವೆ, ಅದರ ನಡುಬಿಂದು 2021ರ ಆರಂಭ. ಡಾಲರುಗಳನ್ನು ಮಾತ್ರ 2023ರ ಬೆಲೆಗೆ ಏರಿಸಿರುತ್ತಾರೆ. ಗ್ರಾಫಿನಲ್ಲಿ ಬಿಂದುವನ್ನು 2021ರ ಮೇಲೆ ಇಟ್ಟು, 2019ರಿಂದ 2023ರವರೆಗೆ ಅಡ್ಡಗೀಟು ಎಳೆಯಿರಿ.

ಪಕ್ಕಪಕ್ಕದ ಎರಡು ಬಿಡುಗಡೆಗಳನ್ನು, ಅಂದರೆ 2018–2022 ಮತ್ತು 2019–2023ನ್ನು, ಹೋಲಿಸಬೇಡಿ. ಐದರಲ್ಲಿ ನಾಲ್ಕು ವರ್ಷದ ಸಂದರ್ಶನಗಳು ಎರಡರಲ್ಲೂ ಅವೇ. ಕಾಣುವ ವ್ಯತ್ಯಾಸ 2018 ಹೊರಹೋಗಿ 2023 ಒಳಬಂದದ್ದರದು ಮಾತ್ರ. ಒಂದರ ಮೇಲೊಂದು ಬೀಳದ ಸರಪಳಿಯೊಂದನ್ನು ಆರಿಸಿಕೊಳ್ಳಿ: 2009–2013, 2014–2018, 2019–2023.

ದಿಢೀರ್ ಬದಲಾವಣೆ ಕಂಡ ಕೌಂಟಿಗಳಲ್ಲಿ ಈ ಐದು ವರ್ಷದ ಕಿಟಕಿ ದೊಡ್ಡ ಹಾನಿ ಮಾಡುತ್ತದೆ. ನಾರ್ತ್ ಡಕೋಟದ ಮೆಕೆಂಜಿ ಕೌಂಟಿಯಲ್ಲಿ ಬಾಕನ್ ತೈಲದ ಅಬ್ಬರಕ್ಕೆ ಜನಸಂಖ್ಯೆ 2010ರ 6,360ರಿಂದ 2020ರಲ್ಲಿ 14,704ಕ್ಕೆ ಏರಿತು. ಅಂಥ ಕಡೆ ಏರಿಕೆ ಎಸಿಎಸ್‌ನಲ್ಲಿ ತಡವಾಗಿ, ಮೆಲ್ಲಗೆ ಕಾಣಿಸುತ್ತದೆ. ತೈಲದ ಬೆಲೆ 2014ರ ಕೊನೆಯಲ್ಲಿ ಕುಸಿದ ಮೇಲೂ ಅಂಕಿ ಏರುತ್ತಲೇ ಇರುವಂತೆ ತೋರಬಹುದು. ಅಲ್ಲಿ ವರ್ಷವಾರು ಚಿತ್ರಕ್ಕೆ ಸೈಪ್ ಮತ್ತು ಬಿಇಎ ಬೇಕೇ ಬೇಕು.

2020ರ ಬಗ್ಗೆ ಪ್ರತ್ಯೇಕ ಟಿಪ್ಪಣಿ ಹಾಕಿ. ಕೋವಿಡ್ ಕಾಲದಲ್ಲಿ ಉತ್ತರ ಕೊಟ್ಟವರಲ್ಲಿ ಅನುಕೂಲಸ್ಥರ ಪಾಲು ಹೆಚ್ಚಾಗಿತ್ತು. ಬ್ಯೂರೋ 2020ರ ಒಂದು ವರ್ಷದ ಅಂಕಿಯನ್ನು ‘ಪ್ರಾಯೋಗಿಕ’ ಎಂದಷ್ಟೇ ಹೊರತಂದಿತು, 2016–2020ರ ಐದು ವರ್ಷದ ಅಂಕಿಯನ್ನು ತೂಕ ಸರಿಪಡಿಸಿ 2022ರ ಮಾರ್ಚ್‌ಗೆ ಮುಂದೂಡಿತು.

ಹಂತ 5: ಎಲ್ಲವನ್ನೂ ಒಂದೇ ವರ್ಷದ ಡಾಲರಿಗೆ ತನ್ನಿ

ಸೂತ್ರ ಇಷ್ಟೇ: ಹಳೆಯ ಮೊತ್ತ × (ಗುರಿ ವರ್ಷದ ಸೂಚ್ಯಂಕ ÷ ಹಳೆಯ ವರ್ಷದ ಸೂಚ್ಯಂಕ). ನಗರ ಗ್ರಾಹಕರ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿಗಳು ಹೀಗಿವೆ: 1969ಕ್ಕೆ 36.7, 1979ಕ್ಕೆ 72.6, 1989ಕ್ಕೆ 124.0, 1999ಕ್ಕೆ 166.6, 2013ಕ್ಕೆ 232.957, 2018ಕ್ಕೆ 251.107, 2023ಕ್ಕೆ 304.702.

ಮ್ಯಾಕ್‌ಡವೆಲ್‌ನ 1999ರ 16,931 ಡಾಲರನ್ನು 2023ಕ್ಕೆ ತಂದರೆ 16,931 × 304.702 ÷ 166.6 = 30,966. ಇವತ್ತಿನ ಅಂಕಿಯನ್ನು ಹೋಲಿಸಬೇಕಾದದ್ದು ಈ 30,966ರ ಜೊತೆ. 2009–2013ರ ಎಸಿಎಸ್ ಅಂಕಿ 2013ರ ಡಾಲರಿನಲ್ಲಿರುತ್ತದೆ, ಅದನ್ನು 1.308ರಿಂದ ಗುಣಿಸಿ. 2014–2018ರದನ್ನು 1.2134ರಿಂದ. ದೋಷಮಿತಿಯನ್ನೂ (ಮಾದರಿಯ ಕಾರಣಕ್ಕೆ ಅಂಕಿ ಆಚೀಚೆ ಎಷ್ಟು ಸರಿಯಬಹುದು ಎಂಬ ಅಳತೆ) ಅದೇ ಗುಣಕದಿಂದ ಗುಣಿಸಬೇಕು. ಇದನ್ನು ಮರೆಯುವವರು ಬಹಳ.

1983ಕ್ಕೆ ಮುಂಚಿನ ವರ್ಷಗಳಿಗೆ ಈ ಸೂಚ್ಯಂಕ ಅಷ್ಟು ನಂಬಿಕಸ್ತವಲ್ಲ. ಆಗ ಸ್ವಂತ ಮನೆಯ ವೆಚ್ಚವನ್ನು ಮನೆಯ ಖರೀದಿ ಬೆಲೆ ಮತ್ತು ಸಾಲದ ಬಡ್ಡಿಯಿಂದ ಅಳೆಯುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಬಡ್ಡಿ ಏರಿದಾಗ ಸೂಚ್ಯಂಕ ಬೇಕಾದ್ದಕ್ಕಿಂತ ಹೆಚ್ಚು ಉಬ್ಬಿತು. ಅದನ್ನೇ ಬಳಸಿದರೆ 1969 ಮತ್ತು 1979ರ ಆದಾಯಗಳು ಇವತ್ತಿನ ಡಾಲರಿನಲ್ಲಿ ವಿಪರೀತ ದೊಡ್ಡದಾಗಿ ಕಂಡು, ಆಮೇಲಿನ ಕಾಲವೆಲ್ಲ ಇಳಿಮುಖವಾಗಿ ತೋರುತ್ತದೆ. ಉದ್ದ ಸರಣಿಗೆ ಕಾರ್ಮಿಕ ಅಂಕಿಅಂಶ ಬ್ಯೂರೋ ಇವತ್ತಿನ ವಿಧಾನವನ್ನು ಹಿಂದಕ್ಕೂ ಅನ್ವಯಿಸಿ 1978ರಿಂದ ಕಟ್ಟಿರುವ ಸಂಶೋಧನಾ ಸರಣಿಯನ್ನು (ಸಿಪಿಐ-ಯು-ಆರ್‌ಎಸ್) ಬಳಸುವುದೇ ಸರಿ, 1969ರ ಬಿಂದುವಿಗೆ ಮಾತ್ರ ಅದು ತಲುಪುವುದಿಲ್ಲ. ಯಾವುದನ್ನು ಬಳಸಿದರೂ ಅದರ ಹೆಸರನ್ನು ಗ್ರಾಫಿನ ಕೆಳಗೆ ಬರೆಯಿರಿ. ಈ ಎಲ್ಲ ಸೂಚ್ಯಂಕಗಳೂ ನಗರದ ಗ್ರಾಹಕರ ಬುಟ್ಟಿಯವು. ಅಮೆರಿಕದ ಹಳ್ಳಿಗಾಡಿಗೆಂದೇ ಅಧಿಕೃತ ಬೆಲೆ ಸೂಚ್ಯಂಕ ಇಲ್ಲದಿರುವುದು ಈ ಕ್ಷೇತ್ರದ ದೊಡ್ಡ ಕೊರತೆ.

ಹಂತ 6: ವರ್ಗಗಳಿಂದ ಮಧ್ಯಾಂಕ ತೆಗೆಯುವುದು

ಎರಡು ಕೌಂಟಿಗಳನ್ನು ಕೂಡಿಸಬೇಕಾದಾಗ ಅವುಗಳ ಮಧ್ಯಾಂಕಗಳ ಸರಾಸರಿ ತೆಗೆಯುವುದು ತಪ್ಪು. ಮನೆಗಳ ಸಂಖ್ಯೆಯಿಂದ ತೂಗಿದರೂ ತಪ್ಪೇ. ಬಿ19001ರ ಹದಿನಾರು ವರ್ಗಗಳಲ್ಲಿ ಮನೆಗಳನ್ನು ವರ್ಗವಾರು ಕೂಡಿಸಿ, ಕೂಡಿಸಿದ ಹಂಚಿಕೆಯಿಂದ ಹೊಸ ಮಧ್ಯಾಂಕ ಹುಡುಕಬೇಕು.

ಲೆಕ್ಕದ ರೀತಿ ತೋರಿಸಲು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಒಟ್ಟು 4,200 ಮನೆಗಳು. 10,000ಕ್ಕಿಂತ ಕಡಿಮೆ ಆದಾಯದವು 520. ಅಲ್ಲಿಂದ ಮೇಲೆ ಐದೈದು ಸಾವಿರದ ವರ್ಗಗಳಲ್ಲಿ ಕ್ರಮವಾಗಿ 400, 380, 360, 310, 290. ಕೂಡಿಸುತ್ತ ಹೋದರೆ 520, 920, 1,300, 1,660, 1,970, 2,260. ಅರ್ಧ ಎಂದರೆ 2,100ನೇ ಮನೆ. ಅದು 30,000–35,000ದ ವರ್ಗದಲ್ಲಿ ಬೀಳುತ್ತದೆ. ವರ್ಗದೊಳಗೆ ಮನೆಗಳು ಸಮವಾಗಿ ಹರಡಿವೆ ಎಂದುಕೊಂಡರೆ:

30,000 + (2,100 − 1,970) ÷ 290 × 5,000 = 32,241 ಡಾಲರ್.

ಆದಾಯ ನಿಜದಲ್ಲಿ ಹಾಗೆ ಸಮವಾಗಿ ಹರಡಿರುವುದಿಲ್ಲ, ಮೇಲೆ ಹೋದಂತೆ ವಿರಳವಾಗುತ್ತದೆ. ಇದಕ್ಕೆ ಪರೇಟೋ ವಿಧಾನ ಇದೆ. ವರ್ಗದ ಕೆಳ ಅಂಚಿಗಿಂತ ಮೇಲಿರುವ ಮನೆಗಳ ಪಾಲು 2,230 ÷ 4,200 = 0.5310, ಮೇಲಂಚಿಗಿಂತ ಮೇಲಿರುವವರ ಪಾಲು 1,940 ÷ 4,200 = 0.4619. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಸ್ವಾಭಾವಿಕ ಲಾಗರಿದಮ್ ತೆಗೆದರೆ 0.1393. 35,000 ÷ 30,000ದ ಲಾಗರಿದಮ್ 0.1542. ಭಾಗಿಸಿದರೆ ಘಾತಾಂಕ 0.9037. ಈಗ 0.5310ನ್ನು 0.5ರಿಂದ ಭಾಗಿಸಿ, ಬಂದದ್ದನ್ನು (1 ÷ 0.9037)ರ ಘಾತಕ್ಕೆ ಏರಿಸಿ 30,000ದಿಂದ ಗುಣಿಸಿದರೆ ಸುಮಾರು 32,060 ಡಾಲರ್. ಎರಡು ವಿಧಾನಗಳ ನಡುವೆ ಅಂತರ 180 ಡಾಲರ್ ಮಾತ್ರ, ಏಕೆಂದರೆ ವರ್ಗ ಕಿರಿದು. ಮಧ್ಯಾಂಕ 60,000–75,000 ಅಥವಾ 75,000–1,00,000ದ ಅಗಲ ವರ್ಗದಲ್ಲಿ ಬಿದ್ದರೆ ಅಂತರ ದೊಡ್ಡದಾಗುತ್ತದೆ, ಅಲ್ಲಿ ಪರೇಟೋವನ್ನೇ ಬಳಸಿ.

ನಿಮ್ಮ ಲೆಕ್ಕ ಸರಿಯೇ ಎಂದು ನೋಡಲು ಒಂದೇ ಕೌಂಟಿಯ ಬಿ19001ರಿಂದ ಮಧ್ಯಾಂಕ ತೆಗೆದು ಬಿ19013ರ ಜೊತೆ ಹೋಲಿಸಿ. ಬ್ಯೂರೋ ಒಳಗಡೆ ಇನ್ನೂ ಕಿರಿದಾದ ವರ್ಗಗಳನ್ನು ಬಳಸುವುದರಿಂದ ಅಲ್ಪಸ್ವಲ್ಪ ವ್ಯತ್ಯಾಸ ಬರುವುದು ಸಹಜ. ಸಾವಿರಗಟ್ಟಲೆ ವ್ಯತ್ಯಾಸ ಬಂದರೆ ನಿಮ್ಮ ಕೂಡಿಕೆಯಲ್ಲಿ ಒಟ್ಟು ಸಂಖ್ಯೆಯ ಸಾಲೂ ಒಂದು ವರ್ಗವೆಂದು ಸೇರಿಕೊಂಡಿರುತ್ತದೆ.

ಇಳಿಸಿಕೊಂಡ ಕಡತದಲ್ಲಿ −666666666 ಎಂಬ ವಿಚಿತ್ರ ಸಂಖ್ಯೆ ಕಂಡರೆ ಅದು ‘ಅಂದಾಜು ಮಾಡಲು ಸಾಲದಷ್ಟು ಮಾದರಿ’ ಎಂಬುದರ ಗುರುತು. 250001 ಎಂದಿದ್ದರೆ ಎರಡೂವರೆ ಲಕ್ಷ ಡಾಲರಿಗೂ ಮೇಲೆ ಎಂದರ್ಥ. ಇವನ್ನು ತೆಗೆಯದೆ ಸರಾಸರಿ ಹಾಕಿದರೆ ಇಡೀ ರಾಜ್ಯದ ಲೆಕ್ಕ ಕೆಡುತ್ತದೆ.

ಹಂತ 7: ಬದಲಾವಣೆ ನಿಜವೇ ಎಂದು ತೂಗಿ ನೋಡಿ

ಎಸಿಎಸ್‌ನ ದೋಷಮಿತಿ ಶೇ. 90ರ ಭರವಸೆಯದು. ಅದನ್ನು 1.645ರಿಂದ ಭಾಗಿಸಿದರೆ ಪ್ರಮಾಣಿತ ದೋಷ ಸಿಗುತ್ತದೆ. ಮತ್ತೊಂದು ಕಲ್ಪಿತ ಉದಾಹರಣೆ: 2023ರ ಡಾಲರಿನಲ್ಲಿ ಮೊದಲ ಅವಧಿಗೆ 36,000 (ದೋಷಮಿತಿ 2,800), ಎರಡನೆಯದಕ್ಕೆ 39,500 (ದೋಷಮಿತಿ 3,400). ಪ್ರಮಾಣಿತ ದೋಷಗಳು 1,702 ಮತ್ತು 2,067. ಒಂದೊಂದನ್ನೂ ಅದರಿಂದಲೇ ಗುಣಿಸಿ, ಬಂದದ್ದನ್ನು ಕೂಡಿಸಿ ವರ್ಗಮೂಲ ತೆಗೆದರೆ 2,678. ವ್ಯತ್ಯಾಸ 3,500 ÷ 2,678 = 1.31. ಇದು 1.645ಕ್ಕಿಂತ ಕಡಿಮೆ. ಸುಮಾರು ಶೇ. 10ರ ಏರಿಕೆಯಂತೆ ಕಂಡರೂ ಮಾದರಿಯ ಅಲುಗಾಟದಿಂದಲೇ ಅಷ್ಟು ಬರಬಹುದಿತ್ತು. ‘ಏರಿತು’ ಎಂದು ಬರೆಯುವ ಹಕ್ಕು ನಿಮಗಿಲ್ಲ. ‘ಏರಿದೆಯೋ ಇಲ್ಲವೋ ಈ ಮಾದರಿಯಿಂದ ಹೇಳಲಾಗದು’ ಎಂದು ಬರೆಯಿರಿ. ‘ಬದಲಾಗಿಲ್ಲ’ ಎಂಬುದೂ ತಪ್ಪು.

ಗ್ರಾಫಿನಲ್ಲಿ ಎರಡು ಅಂಕಿಗಳ ದೋಷಮಿತಿಯ ಪಟ್ಟಿಗಳು ಒಂದರ ಮೇಲೊಂದು ಬಿದ್ದರೆ ವ್ಯತ್ಯಾಸವಿಲ್ಲ ಎಂಬ ಕಣ್ಣಳತೆಯನ್ನು ನಂಬಬೇಡಿ. ಪಟ್ಟಿಗಳು ಸ್ವಲ್ಪ ತಾಗಿದ್ದರೂ ವ್ಯತ್ಯಾಸ ಗಟ್ಟಿಯಿರಬಹುದು. ಲೆಕ್ಕ ಮಾಡಿಯೇ ನೋಡಬೇಕು.

ಪ್ರಮಾಣಿತ ದೋಷವನ್ನು ಅಂದಾಜಿನಿಂದ ಭಾಗಿಸಿದ ಶೇಕಡಾವಾರು ಪ್ರಮಾಣ 12ರ ಆಸುಪಾಸು ದಾಟಿದರೆ ಆ ಅಂಕಿಯನ್ನು ಗ್ರಾಫಿನಲ್ಲಿ ತೆಳು ಬಣ್ಣದಲ್ಲಿ ಹಾಕಿ. 30 ದಾಟಿದರೆ ಹಾಕಲೇಬೇಡಿ, ಪಕ್ಕದ ಕೌಂಟಿಗಳೊಂದಿಗೆ ಕೂಡಿಸಿ. ಲವಿಂಗ್ ಕೌಂಟಿಯಂಥ ಜಾಗಕ್ಕೆ ಒಂಟಿ ಅಂದಾಜೇ ಅರ್ಥಹೀನ.

ಎಸಿಎಸ್ ಮತ್ತು ಸೈಪ್ ಎರಡೂ ಇವೆ, ಸರಾಸರಿ ತೆಗೆದರೆ ಇನ್ನೂ ನಿಖರವಾಗುತ್ತದಲ್ಲವೇ ಎಂದು ಅನಿಸುವುದು ಸಹಜ. ಹಾಗೆ ಮಾಡಬಾರದು. ಸೈಪ್‌ನೊಳಗೆ ಎಸಿಎಸ್ ಆಗಲೇ ಬೆರೆತಿದೆ, ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಮಟ್ಟಕ್ಕೆ ಎಸಿಎಸ್, ವರ್ಷವರ್ಷದ ನಡಿಗೆಗೆ ಸೈಪ್, ಎರಡನ್ನೂ ಒಂದೇ ಗ್ರಾಫಿನಲ್ಲಿ ಬೇರೆ ಗೆರೆಗಳಾಗಿ ತೋರಿಸಿ.

ಹಂತ 8: ಆದಾಯ ಬದಲಾಯಿತೇ, ಜನರೇ ಬದಲಾದರೇ?

ಈ ಪ್ರಶ್ನೆ ಕೇಳದ ಲೆಕ್ಕ ಹಳ್ಳಿಗಾಡಿಗೆ ಅನ್ಯಾಯ ಮಾಡುತ್ತದೆ. ದುಡಿಯುವ ವಯಸ್ಸಿನವರು ಊರು ಬಿಟ್ಟು, ಪಿಂಚಣಿಯ ಮೇಲೆ ಬದುಕುವ ಹಿರಿಯರು ಉಳಿದರೆ ಮಧ್ಯಾಂಕ ಇಳಿಯುತ್ತದೆ, ಉಳಿದವರಲ್ಲಿ ಯಾರೊಬ್ಬರ ಆದಾಯ ಕಡಿಮೆಯಾಗದಿದ್ದರೂ. ಮೆಕೆಂಜಿಯಂಥ ಕಡೆ ಸಂಬಳದ ಯುವಕರು ಬಂದು ತುಂಬಿದರೆ ಮಧ್ಯಾಂಕ ಏರುತ್ತದೆ, ಹಳೆಯ ರೈತ ಮನೆಗಳಿಗೆ ಏನೂ ಸಿಗದಿದ್ದರೂ. ಅವರಲ್ಲಿ ಕೆಲವರಿಗೆ ರಾಯಲ್ಟಿ ಬಂದಿರುತ್ತದೆ, ಖನಿಜದ ಹಕ್ಕು ತಮ್ಮ ಹೆಸರಿನಲ್ಲಿಲ್ಲದವರಿಗೆ ಬಂದಿರುವುದಿಲ್ಲ.

ವಯಸ್ಸನ್ನು ಸ್ಥಿರವಾಗಿಟ್ಟು ನೋಡುವ ದಾರಿ ಇದೆ. ಬಿ19037 ಮನೆಗಳನ್ನು ನಾಲ್ಕು ವಯೋಗುಂಪಾಗಿ ಕೊಡುತ್ತದೆ: 25ಕ್ಕಿಂತ ಕಡಿಮೆ, 25–44, 45–64, 65 ಮತ್ತು ಮೇಲೆ. ಮೊದಲ ಅವಧಿಯಲ್ಲಿ ಪ್ರತಿ ಗುಂಪಿನ ಪಾಲು ಎಷ್ಟಿತ್ತೆಂದು ಬರೆದುಕೊಳ್ಳಿ. ಕೊನೆಯ ಅವಧಿಯ ಪ್ರತಿ ಗುಂಪಿನ ಆದಾಯ ಹಂಚಿಕೆಯನ್ನು ಆ ಹಳೆಯ ಪಾಲಿಗೆ ಹೊಂದುವಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ, ವರ್ಗವಾರು ಕೂಡಿಸಿ, ಹಂತ 6ರ ಸೂತ್ರದಿಂದ ಮಧ್ಯಾಂಕ ತೆಗೆಯಿರಿ. ಪ್ರಕಟಿತ ಮಧ್ಯಾಂಕಕ್ಕೂ ಇದಕ್ಕೂ ಇರುವ ಅಂತರವೇ ಊರು ಮುಪ್ಪಾದದ್ದರ ಪಾಲು. ಹೋಗಿ ಬಂದವರ ಆದಾಯದ ಬಗ್ಗೆ ತೆರಿಗೆ ಇಲಾಖೆಯ ಕೌಂಟಿಯಿಂದ ಕೌಂಟಿಗೆ ವಲಸೆಯ ಕಡತ ನೋಡಿ. ಎಷ್ಟು ರಿಟರ್ನ್‌ಗಳು ಬಂದವು, ಎಷ್ಟು ಹೋದವು, ಅವುಗಳ ಒಟ್ಟು ಆದಾಯ ಎಷ್ಟು ಎಂದು ಅದರಲ್ಲಿ ವರ್ಷವಾರು ಇದೆ. ತೆರಿಗೆ ರಿಟರ್ನ್ ಮತ್ತು ಮನೆ ಒಂದೇ ಅಲ್ಲವಾದ್ದರಿಂದ ಅದನ್ನು ದಿಕ್ಕು ತಿಳಿಯಲು ಮಾತ್ರ ಬಳಸಿ.

ಮನೆಯ ಗಾತ್ರವೂ ಮುಖ್ಯ. ಓಗ್ಲಾಲಾ ಲಕೋಟದಂಥ ಬುಡಕಟ್ಟು ಪ್ರದೇಶದಲ್ಲಿ ಮೂರು ತಲೆಮಾರು ಒಂದೇ ಸೂರಿನಡಿ ಇರುವುದು ಸಾಮಾನ್ಯ, ಅಲ್ಲಿ ಒಂದು ಮನೆಯ ಆದಾಯವನ್ನು ಬಹಳ ಜನ ಹಂಚಿಕೊಳ್ಳುತ್ತಾರೆ. ಒರಟಾದ ಹೋಲಿಕೆಗೆ ಮಧ್ಯಾಂಕವನ್ನು ಮನೆಯ ಸರಾಸರಿ ಗಾತ್ರದ ವರ್ಗಮೂಲದಿಂದ ಭಾಗಿಸಿ. ನಾಲ್ವರ ಮನೆಯ 40,000 ಒಬ್ಬಂಟಿಯ 20,000ಕ್ಕೆ ಸಮ ಎಂದಾಗುತ್ತದೆ.

ಬೇಸಾಯದ ಕೌಂಟಿಗಳಲ್ಲಿ ಇನ್ನೊಂದು ತೊಡಕು. ನಿವ್ವಳ ಆದಾಯ ಕೆಲವು ವರ್ಷ ಋಣಾತ್ಮಕವಾಗಿರುತ್ತದೆ, ನೂರಾರು ಎಕರೆ ಇರುವ ರೈತನ ಮನೆ ಆ ವರ್ಷ 10,000ಕ್ಕಿಂತ ಕೆಳಗಿನ ವರ್ಗದಲ್ಲಿ ಕೂರುತ್ತದೆ. ಬಿಇಎ ಕೃಷಿ ಆದಾಯವನ್ನು ಬೇರೆಯಾಗಿ ಕೊಡುತ್ತದೆ. ಮಧ್ಯಾಂಕ ಕುಸಿದ ವರ್ಷ ಅಲ್ಲಿಯೂ ಕುಸಿತವಿದೆಯೇ ಎಂದು ನೋಡಿಯೇ ‘ಬಡತನ ಹೆಚ್ಚಿತು’ ಎಂಬ ಮಾತಿಗೆ ಹೋಗಿ.

ಇದೇ ಲೆಕ್ಕವನ್ನು ಯಾದಗಿರಿಗೋ ಚಾಮರಾಜನಗರಕ್ಕೋ ಮಾಡಬಹುದೇ ಎಂದು ಕನ್ನಡದ ಓದುಗರಿಗೆ ಅನ್ನಿಸಬಹುದು. ಭಾರತದ ಜನಗಣತಿ ಆದಾಯವನ್ನು ಕೇಳುವುದೇ ಇಲ್ಲ. ಜಿಲ್ಲೆಗೆ ಸಿಗುವ ತಲಾ ಆದಾಯ ಉತ್ಪಾದನೆಯ ಲೆಕ್ಕದಿಂದ ತೆಗೆದ ಸರಾಸರಿ, ಬಿಇಎ ಅಂಕಿಯ ದೂರದ ನೆಂಟ. ಅದರಿಂದ ಮಧ್ಯಾಂಕ ಹುಟ್ಟುವುದಿಲ್ಲ. ಹಂತ 6ರಿಂದ 8ರವರೆಗಿನ ವಿಧಾನ ಮಾತ್ರ ಮನೆವಾರು ಹಂಚಿಕೆ ಇರುವ ಯಾವ ಸಮೀಕ್ಷೆಗೂ, ವೆಚ್ಚದ ಸಮೀಕ್ಷೆಗೂ, ಹೊಂದುತ್ತದೆ.

ಹಂತ 9: ಬರೆದಿಡುವುದು, ಹೊಸದನ್ನು ಸೇರಿಸುವುದು

ಅಂತಿಮ ಕೋಷ್ಟಕದಲ್ಲಿ ಒಂದೊಂದು ಅಂಕಿಗೂ ಆರು ಕಂಬಸಾಲು ಇರಲಿ: ಮೂಲ, ಆದಾಯದ ಅವಧಿ, ಪ್ರಕಟಿತ ಮೊತ್ತ, ದೋಷಮಿತಿ, ಬಳಸಿದ ಗುಣಕ, ಸ್ಥಿರ ಡಾಲರಿನ ಮೊತ್ತ. ಕೊನೆಯದನ್ನು ನೂರಕ್ಕೆ ಸುತ್ತಿ ಬರೆಯಿರಿ. ದೋಷಮಿತಿ 3,000 ಇರುವಾಗ 39,487 ಎಂದು ಬರೆಯುವುದು ಇಲ್ಲದ ನಿಖರತೆಯನ್ನು ತೋರಿಸಿದಂತೆ. ಗಣತಿಯ ನಾಲ್ಕು ಬಿಂದುಗಳು, 2005ಕ್ಕೆ ಮುಂಚಿನ ಸೈಪ್, ನಂತರದ ಸೈಪ್, ಎಸಿಎಸ್ ಸರಪಳಿ ಇವು ನಾಲ್ಕು ಬಣ್ಣ. ಒಂದರಿಂದ ಇನ್ನೊಂದಕ್ಕೆ ಗೆರೆ ದಾಟಬಾರದು. 1999ರ ಗಣತಿಯಿಂದ ಎಸಿಎಸ್‌ಗೆ ಹೋಲಿಸುವ ಕಡೆ ಅಡಿಟಿಪ್ಪಣಿ ಬೇಕು. ಗಣತಿ ವರ್ಷದ ಹೆಚ್ಚು ಕಾಲ ಎಲ್ಲಿರುತ್ತಾರೋ ಅಲ್ಲಿ ಎಣಿಸುತ್ತದೆ, ಎಸಿಎಸ್ ಎರಡು ತಿಂಗಳಿಗಿಂತ ಹೆಚ್ಚು ಕಾಲ ಇರುವವರನ್ನೂ ಅಲ್ಲಿಯವರೆಂದೇ ತೆಗೆದುಕೊಳ್ಳುತ್ತದೆ. ಚಳಿಗಾಲ ಕಳೆಯಲು ಹಿರಿಯರು ಬಂದು ನೆಲೆಸುವ ಕೌಂಟಿಗಳಲ್ಲಿ ಇದೊಂದೇ ವ್ಯತ್ಯಾಸ ಅಂಕಿಯನ್ನು ಅಲುಗಿಸಬಲ್ಲದು.

ಎಸಿಎಸ್ ಐದು ವರ್ಷದ ಅಂಕಿ ಮತ್ತು ಸೈಪ್ ಎರಡೂ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಹೊರಬರುತ್ತವೆ. ಹೊಸ ಸೈಪ್ ಬಿಂದುವನ್ನು ಆ ವರ್ಷವೇ ಸೇರಿಸಿ, ಎಲ್ಲ ಹಳೆಯ ಮೊತ್ತಗಳನ್ನೂ ಹೊಸ ವರ್ಷದ ಡಾಲರಿಗೆ ಮರುಲೆಕ್ಕ ಹಾಕಿ. ಗುಣಕದ ಕಂಬಸಾಲನ್ನು ಸೂತ್ರವಾಗಿ ಇಟ್ಟಿದ್ದರೆ ಗುರಿ ವರ್ಷದ ಒಂದು ಖಾನೆ ಬದಲಿಸಿದರೆ ಸಾಕು. ಎಸಿಎಸ್ ಸರಪಳಿಗೆ ಮುಂದಿನ ಕೊಂಡಿ 2024–2028. ಅದು ಬರುವವರೆಗೆ ನಡುವಿನ ಬಿಡುಗಡೆಗಳನ್ನು ಬೇರೆ ಹಾಳೆಯಲ್ಲಿ ಇಟ್ಟುಕೊಳ್ಳಿ, ಗೆರೆಗೆ ಸೇರಿಸಬೇಡಿ.